ಮಗಳಿಗೊಂದು ಪತ್ರ: ಮೊದಲು ನೀನೇ ನೋಡು

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದಗಳು.

ಮೈಸೂರಿನ ಬಾಡಿಗೆ ಮನೆಗೆ ನೀನೂ ನಿನ್ನ ಗೆಳತಿಯರೂ ಹೊಂದಿಕೊಂಡಿರುವುದು ತಿಳಿದು ನಿನ್ನ ಅಪ್ಪನಿಗೂ ನನಗೂ ಸಮಾಧಾನವಾಗಿದೆ. ಮೊನ್ನೆ ರಾತ್ರಿ ರೂಮಿನಲ್ಲಿ ಕರೆಂಟ್ ಹೋಯಿತೆಂದು ನೀನು ಫೋನ್ ಮಾಡಿದಾಗ ನಾನು ಪರಿಹಾರ ಹೇಳದೆ ಪ್ರಶ್ನೆಗಳನ್ನೇ ಕೇಳುತ್ತಾ ಹೋದದ್ದು ನಿನಗೆ ಬೇಸರ ತಂದಿರಬಹುದು. ಹಾಗೇಕೆ ಮಾಡಿದೆನೆಂದು ಬರೆದೇ ತಿಳಿಸಬೇಕೆನಿಸಿತು.

ಪಕ್ಕದ ಮನೆಯಲ್ಲಿ ದೀಪವಿದೆಯೇ ಎಂದು ಮೊದಲು ಕೇಳಿದೆ. ಬೀದಿಗೆ ಬೀದಿಯೇ ಕತ್ತಲಾಗಿದ್ದರೆ ವಿದ್ಯುತ್ ಸಹಾಯವಾಣಿ 1912ಕ್ಕೆ ದೂರು ಕೊಟ್ಟು ಕಾಯಬೇಕಷ್ಟೆ. ನೀನು ಕಿಟಕಿಯಿಂದ ನೋಡಿ ಎಲ್ಲ ಕಡೆ ದೀಪವಿದೆ ಎಂದೆ. ಬಾಗಿಲ ಹಿಂದಿನ ಪೆಟ್ಟಿಗೆಯಲ್ಲಿ ಎಂಸಿಬಿಯೊಂದರ (ಹೊರೆ ಹೆಚ್ಚಾದರೆ ತಾನೇ ಕರೆಂಟ್ ಕಡಿಯುವ ಸ್ವಿಚ್ಚು) ಗುಂಡಿ ಕೆಳಗೆ ಬಿದ್ದಿರುವುದನ್ನೂ ನೀನೇ ಕಂಡುಹಿಡಿದೆ. ಆಗ ಏನೇನು ಹಾಕಿದ್ದಿರಿ ಎಂದು ಕೇಳಿದಾಗ, ಇಸ್ತ್ರಿಪೆಟ್ಟಿಗೆ ಮತ್ತು ಕೆಟಲ್ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಿದ್ದೆವೆಂದು ಹೇಳುತ್ತಿರುವಾಗಲೇ ಕಾರಣ ನಿನಗೆ ಹೊಳೆದಿತ್ತು. ಆ ಬೋರ್ಡು ಸಿಕ್ಕಿಸಿದ್ದ 6 ಆಂಪಿಯರ್ ಸಾಕೆಟ್ಟು 230 ವೋಲ್ಟಿನಲ್ಲಿ ತಾಳುವುದು 1,380 ವಾಟ್. 1,500 ವಾಟಿನ ಕೆಟಲ್ ಒಂದೇ ಅದಕ್ಕೆ ಹೆಚ್ಚು, ಮೇಲೆ 1,000 ವಾಟಿನ ಇಸ್ತ್ರಿಪೆಟ್ಟಿಗೆ ಬೇರೆ. ಪರೀಕ್ಷೆಗೆಂದು ನೀನು ಕಲಿತಿದ್ದ ಲೆಕ್ಕ ಅಂದು ಮನೆಯ ಕೆಲಸಕ್ಕೆ ಬಂತು. ಪ್ಲಗ್ಗುಗಳನ್ನು ಕಿತ್ತು ಎಂಸಿಬಿ ಎತ್ತಿದೊಡನೆ "ಅಮ್ಮಾ, ಬಂತು!" ಎಂದೆಯಲ್ಲ, ಆ ದನಿಯಲ್ಲಿದ್ದ ಹಿಗ್ಗು ನಾನು ಉತ್ತರ ಹೇಳಿಕೊಟ್ಟಿದ್ದರೆ ಖಂಡಿತ ಇರುತ್ತಿರಲಿಲ್ಲ; ಮುಂದಿನ ಸಲವೂ ನಿನ್ನ ಕೈ ಮೊದಲು ಫೋನಿಗೇ ಹೋಗುತ್ತಿತ್ತು.

ಹಾಗೆಂದು ಎಲ್ಲವನ್ನೂ ಒಬ್ಬಳೇ ಮಾಡುವ ಹಠ ಬೇಡ. ಎತ್ತಿದ ಎಂಸಿಬಿ ಮತ್ತೆ ಬಿದ್ದರೆ ಒತ್ತಾಯದಿಂದ ನಿಲ್ಲಿಸಲು ಹೋಗದೆ ಎಲೆಕ್ಟ್ರಿಷಿಯನ್‌ನನ್ನು ಕರೆಸು. ಗ್ಯಾಸ್ ವಾಸನೆ ಬಂದರಂತೂ ಯಾವ ಸ್ವಿಚ್ಚನ್ನೂ ಮುಟ್ಟದೆ ರೆಗ್ಯುಲೇಟರ್ ಆಫ್ ಮಾಡಿ, ಕಿಟಕಿ ಬಾಗಿಲು ತೆರೆದು, ಹೊರಗೆ ಬಂದು ಗ್ಯಾಸ್ ಸೋರಿಕೆಯ ತುರ್ತು ಸಹಾಯವಾಣಿ 1906ಕ್ಕೆ ಫೋನ್ ಮಾಡು. ಎಲ್ಲಿ ಕೈಹಾಕಬಾರದೆಂದು ತಿಳಿದವಳ ಧೈರ್ಯವನ್ನೇ ನಾನು ನಂಬುತ್ತೇನೆ, ಮತ್ತು ಆ ತಿಳಿವಳಿಕೆ ನಿನ್ನಲ್ಲಿದೆ.

ಕುಕ್ಕರ್ ಕೂಗುತ್ತಿಲ್ಲವೆಂದು ನಿನ್ನೆ ಮೆಸೇಜ್ ಹಾಕಿದ್ದೀಯೆ. ಅದು ಪೂರ್ತಿ ತಣಿದ ಮೇಲೆ ಮುಚ್ಚಳ ತೆಗೆದು, ಗ್ಯಾಸ್ಕೆಟ್ (ಮುಚ್ಚಳದ ರಬ್ಬರ್ ಬಳೆ) ಸಡಿಲವಾಗಿದೆಯೇ, ಬಿರುಕು ಬಿಟ್ಟಿದೆಯೇ, ವೆಯ್ಟ್ ಕೂರುವ ಕೊಳವೆಯಲ್ಲಿ ಅನ್ನದ ಅಗುಳು ಸಿಕ್ಕಿಕೊಂಡಿದೆಯೇ ಎಂದು ನೋಡು. ಏನು ಕಂಡೆ, ಏನು ಮಾಡಿದೆ ಎಂಬುದನ್ನು ಭಾನುವಾರ ಹೇಳು.

ಇತಿ,
ನಿನ್ನ ಅಮ್ಮ