ಮೆನಿಂಜೈಟಿಸ್ ಲಸಿಕೆ: ಮಕ್ಕಳ ಕಾರ್ಡನ್ನು ಒಮ್ಮೆ ತೆಗೆದು ನೋಡಿ

ಎಲ್ಲ ಸದಸ್ಯರ ಗಮನಕ್ಕೆ,

ಮಕ್ಕಳು ಹಾಸ್ಟೆಲ್‌ಗೆ ಹೊರಡುವ ಮುನ್ನ ದಯವಿಟ್ಟು ಅವರ ಲಸಿಕೆ ಕಾರ್ಡನ್ನು ಪರಿಶೀಲಿಸಿ. ಮೆನಿಂಜೈಟಿಸ್ ಎಂದರೆ ಮಿದುಳು, ಬೆನ್ನುಹುರಿಗಳನ್ನು ಸುತ್ತಿರುವ ಪೊರೆಗಳ ಉರಿಯೂತ. ಬ್ಯಾಕ್ಟೀರಿಯಾದಿಂದ ಬಂದರೆ ಒಂದೇ ದಿನದಲ್ಲಿ ಜೀವ ತೆಗೆಯಬಲ್ಲದು. ಬದುಕಿ ಉಳಿದವರಲ್ಲಿಯೂ ಸುಮಾರು 5ರಲ್ಲಿ ಒಬ್ಬರಿಗೆ ಕಿವುಡುತನ, ಫಿಟ್ಸ್‌ನಂತಹ ತೊಂದರೆಗಳು ಉಳಿಯುತ್ತವೆ.

ಪುಟ್ಟ ಮಕ್ಕಳಿಗೆ ಅಪಾಯ ಹೆಚ್ಚೆಂಬುದು ಹಲವರಿಗೆ ಗೊತ್ತು. ಆದರೆ ಈ ರೋಗ ತರುವ ಮೆನಿಂಗೊಕಾಕಸ್ ಎಂಬ ಬ್ಯಾಕ್ಟೀರಿಯಾ ಹದಿಹರೆಯದವರನ್ನೂ ಯುವಜನರನ್ನೂ ಕಾಡುತ್ತದೆ. ಎಷ್ಟೋ ಆರೋಗ್ಯವಂತರ ಗಂಟಲಿನಲ್ಲಿ ಅದು ಸದ್ದಿಲ್ಲದೆ ಇರುತ್ತದೆ. ಕೆಮ್ಮು, ಎಂಜಲು, ಒತ್ತೊತ್ತಾದ ಕೋಣೆಗಳ ವಾಸದಿಂದ ಹರಡುತ್ತದೆ.

‘ಚಿಕ್ಕಂದಿನಲ್ಲೇ ಎಲ್ಲ ಲಸಿಕೆ ಹಾಕಿಸಿದ್ದೇವೆ’ ಎಂದು ಸುಮ್ಮನಾಗಬೇಡಿ ಎಂಬುದೇ ನನ್ನ ಮುಖ್ಯ ಕಳಕಳಿ. ಮೆನಿಂಜೈಟಿಸ್ ತರುವ ಬೇರೆ ಬ್ಯಾಕ್ಟೀರಿಯಾಗಳ ವಿರುದ್ಧ ಶಿಶುಗಳಿಗೆ ಕೊಡುವ ಹಿಬ್ ಮತ್ತು ನ್ಯೂಮೊಕಾಕಲ್ ಲಸಿಕೆಗಳು ಬೇಕೇ ಬೇಕು, ಆದರೆ ಅವು ಮೆನಿಂಗೊಕಾಕಸ್ ಅನ್ನು ತಡೆಯುವುದಿಲ್ಲ. ಅದಕ್ಕೆ ಬೇರೆ ಲಸಿಕೆ ಇದೆ. ಅದರಲ್ಲಿಯೂ ಈ ಬ್ಯಾಕ್ಟೀರಿಯಾದ ಎ, ಸಿ, ಡಬ್ಲ್ಯು, ವೈ ಗುಂಪುಗಳಿಗೆ ಸಾಮಾನ್ಯವಾಗಿ ಒಂದು, ಬಿ ಗುಂಪಿಗೆ ಇನ್ನೊಂದು. ರಕ್ಷಣೆ ವರ್ಷಗಳು ಕಳೆದಂತೆ ಕುಗ್ಗುವುದರಿಂದ ಬೂಸ್ಟರ್ ಬೇಕಾಗಬಹುದು. ಗುಲ್ಮ (ಸ್ಪ್ಲೀನ್) ತೆಗೆಸಿಕೊಂಡವರು ವೈದ್ಯರನ್ನು ತಪ್ಪದೆ ಕೇಳಬೇಕು.

ಲಸಿಕೆ ಹಾಕಿಸಿದ್ದರೂ ಜ್ವರದೊಂದಿಗೆ ತೀವ್ರ ತಲೆನೋವು, ಕತ್ತು ಬಿಗಿತ, ಬೆಳಕು ಸಹಿಸಲಾಗದಿರುವುದು, ಗೊಂದಲ ಕಂಡರೆ ಕಾಯದೆ ಆಸ್ಪತ್ರೆಗೆ ಓಡಿ. ಚರ್ಮದ ಮೇಲೆ ಗಾಜಿನ ಲೋಟ ಒತ್ತಿದರೂ ಮಾಸದ ಕೆಂಪು ಕಲೆಗಳು ಅಪಾಯದ ಸೂಚನೆ. ಆದರೆ ಕಲೆ ಮೂಡಲಿ ಎಂದು ಕಾಯಬೇಡಿ, ಕೆಲವರಲ್ಲಿ ಅದು ಮೂಡುವುದೇ ಇಲ್ಲ.

ಕಾರ್ಡ್ ಕಳೆದುಹೋಗಿದ್ದರೆ ವೈದ್ಯರಿಗೆ ಹಾಗೆಯೇ ತಿಳಿಸಿ. ಮುಂದೆ ಯಾವ ಡೋಸ್ ಬೇಕೆಂದು ಅವರೇ ಹೇಳುತ್ತಾರೆ.