ಹಾರದ ಜೊತೆಗೆ ಒಂದು ಆದೇಶವೂ ಬೇಕು: ಕೊಡಗು ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

1965ರ ಭಾರತ-ಪಾಕ್ ಯುದ್ಧದಲ್ಲಿ ಮಡಿದ ವಾಯುಪಡೆಯ ಪೈಲಟ್ ಅಜ್ಜಮಾಡ ದೇವಯ್ಯನವರ ಹೆಸರಿನ ಮಡಿಕೇರಿಯ ವೃತ್ತದಲ್ಲಿ, ಅವರು ಮಡಿದ ದಿನವಾದ ಸೆಪ್ಟೆಂಬರ್ 7ರಂದು ಹಾರ ಹಾಕುವುದಕ್ಕೆ ನನ್ನ ತಕರಾರಿಲ್ಲ. ಹಾರ ಹಾಕಿದ ಮೇಲೆ ಉಳಿಯುವ ಕೆಲಸದ ಬಗ್ಗೆ ಈ ಪತ್ರ.

1965ರಲ್ಲಿ ಆ ದಿನ ಬಂದಾಗ ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಮುಗಿದು ನಾಲ್ಕೇ ದಿನವಾಗಿತ್ತು. ಪಂಜಾಬಿನ ಆದಂಪುರದಿಂದ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ದಾಳಿಗೆ ಹೊರಟ ಹನ್ನೆರಡು ಮಿಸ್ಟೇರ್ ಯುದ್ಧವಿಮಾನಗಳ ಪಟ್ಟಿಯಲ್ಲಿ ಸ್ಕ್ವಾಡ್ರನ್ ಲೀಡರ್ ದೇವಯ್ಯನವರು ಇರಲಿಲ್ಲ. ಯಾರದಾದರೂ ವಿಮಾನ ಕೈಕೊಟ್ಟರೆ ಇರಲಿ ಎಂದು ಕಾದಿರಿಸಿದ್ದ ಪೈಲಟ್ ಅವರು. ಜಾಗ ತೆರವಾಯಿತು, ಹೊರಟರು. ಎದುರಾದದ್ದು ಶಬ್ದದ ಎರಡು ಪಟ್ಟು ವೇಗದ, ಪಾಕಿಸ್ತಾನದ ಸ್ಟಾರ್‌ಫೈಟರ್ ಯುದ್ಧವಿಮಾನ. ಪೆಟ್ಟು ಬಿದ್ದಿದ್ದ ತಮ್ಮ ವಿಮಾನದಿಂದಲೇ ಹೋರಾಡಿ ಅದನ್ನು ಉರುಳಿಸಿದರು. ಪಾಕಿಸ್ತಾನದ ಪೈಲಟ್ ಪ್ಯಾರಾಚೂಟ್ ಬಿಚ್ಚಿ ಬದುಕಿಕೊಂಡ. 32 ವರ್ಷದ ದೇವಯ್ಯ ಉಳಿಯಲಿಲ್ಲ. ಜೊತೆಗಾರರು ಯಾರೂ ಆ ಕಾಳಗವನ್ನು ಕಾಣಲಿಲ್ಲ. ನಮ್ಮ ವಾಯುಪಡೆಯ ಲೆಕ್ಕದಲ್ಲಿ ಅವರು ಹೋದವರು, ಹಿಂದಿರುಗದವರು, ಅಷ್ಟೆ.

ಪಾಕಿಸ್ತಾನದ ವಾಯುಪಡೆಯ ಬಗ್ಗೆ 1979ರಲ್ಲಿ ಬ್ರಿಟಿಷ್ ಲೇಖಕರೊಬ್ಬರು ಬರೆದ ಪುಸ್ತಕದಿಂದ ವಿಷಯ ಹೊರಬಿತ್ತು. ಮರಣೋತ್ತರ ಮಹಾವೀರ ಚಕ್ರವನ್ನು ಅವರ ಪತ್ನಿ ಸ್ವೀಕರಿಸಿದ್ದು 1988ರಲ್ಲಿ. ಗಂಡ ಮಾಡಿದ್ದೇನು ಎಂದು ದೇಶ ಒಪ್ಪಿಕೊಳ್ಳಲು 23 ವರ್ಷ ಹಿಡಿಯಿತು, ಅದೂ ಶತ್ರುಪಕ್ಷದ ಕಡೆಯಿಂದ ಬಂದ ಸುಳಿವಿನಿಂದ!

ಆಕಾಶದ ಆ ಕೆಲವು ನಿಮಿಷಗಳ ಬಗ್ಗೆ ಈಗ ಬೇಕಾದಷ್ಟು ಬರಹಗಳಿವೆ. ನೆಲದ ಮೇಲಿನ ಆ 23 ವರ್ಷಗಳ ಬಗ್ಗೆ ನಮ್ಮ ಜಿಲ್ಲೆ ಏನು ಬರೆದಿಟ್ಟಿದೆ? ಪದಕವೂ ವೃತ್ತವೂ ಇಲ್ಲದ ಜವಾನರ ಮನೆಗಳ ಮಾತಂತೂ ಬಿಡಿ. ಸಾವಿನ ಸುದ್ದಿಯ ತಂತಿ ಬಂದ ವರ್ಷ ಗದ್ದೆ ನಾಟಿ ಮಾಡಿಸಿದವರು ಯಾರು, ಪಿಂಚಣಿಯ ಅರ್ಜಿ ಬರೆದುಕೊಟ್ಟವರು ಯಾರು, ಮಕ್ಕಳ ಓದು ಯಾವ ತರಗತಿಗೆ ನಿಂತಿತು ಎಂಬುದು ಯಾವ ರೆಜಿಮೆಂಟಿನ ಕಡತದಲ್ಲೂ ಸಿಗುವುದಿಲ್ಲ. ಕಡತಗಳು ಈ ಹೆಂಗಸರನ್ನು ನೋಡಿದ ಬಗೆಯೇ ಬೇರೆ: ಮರುಮದುವೆಯಾದ ವಿಧವೆಗೆ ಶೌರ್ಯ ಪದಕದ ಭತ್ಯೆ ಮುಂದುವರಿಯಬೇಕಾದರೆ ಆಕೆ ಮಡಿದ ಗಂಡನ ಸಹೋದರನನ್ನೇ ಮದುವೆಯಾಗಿರಬೇಕು ಎಂಬ ಷರತ್ತು 2017ರವರೆಗೂ ಜಾರಿಯಲ್ಲಿತ್ತು.

1965ರಲ್ಲಿ ಇಪ್ಪತ್ತರ ಹರೆಯದಲ್ಲಿ ಗಂಡನನ್ನು ಕಳೆದುಕೊಂಡಾಕೆಗೆ ಈಗ ಎಂಬತ್ತು. ಮುಂದಿನ ಬಜೆಟ್ ನೋಡೋಣ ಎನ್ನುವಷ್ಟು ಪುರುಸೊತ್ತು ಅವರಿಗಿಲ್ಲ.

ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಜಿಲ್ಲಾ ಕಚೇರಿಯ ಮೂಲಕ 1962, 1965, 1971ರ ಯುದ್ಧಗಳಲ್ಲಿ ಮಡಿದವರ ಮನೆಗಳನ್ನು ಗುರುತಿಸಿ. ಮನೆಯವರ ಒಪ್ಪಿಗೆ ಪಡೆದು, ಅವರು ಮನೆಯಲ್ಲಿ ಆಡುವ ಭಾಷೆಯಲ್ಲೇ, ಅದು ಕೊಡವ ತಕ್ಕ್ ಇರಲಿ, ಅರೆಭಾಷೆ ಇರಲಿ, ಅವರ ಮಾತನ್ನು ಧ್ವನಿಮುದ್ರಿಸಿ. ಕೆಲಸಕ್ಕೆ ಕಾಲೇಜು ವಿದ್ಯಾರ್ಥಿಗಳು ಸಿಗುತ್ತಾರೆ. ಒಂದು ಪ್ರತಿ ಮನೆಗೆ, ಇನ್ನೊಂದು ಮಡಿಕೇರಿಯ ಸನ್ನಿಸೈಡ್‌ನಲ್ಲಿರುವ ಜನರಲ್ ತಿಮ್ಮಯ್ಯ ವಸ್ತುಸಂಗ್ರಹಾಲಯಕ್ಕೆ. 2021ರಲ್ಲಿ ರಾಷ್ಟ್ರಪತಿಗಳೇ ಉದ್ಘಾಟಿಸಿದ ಆ ಕಟ್ಟಡದಲ್ಲಿ ಟ್ಯಾಂಕು, ವಿಮಾನಗಳಿಗೆ ಜಾಗ ಸಿಕ್ಕಿದೆ. ಈ ಹೆಂಗಸರ ದನಿಗೆ ಒಂದು ಕೋಣೆ ಸಾಕು.

ಬರುವ ಸೆಪ್ಟೆಂಬರ್ 7ಕ್ಕೆ ಮಡಿಕೇರಿಗೆ ಬರುವಾಗ ಆದೇಶದ ಪ್ರತಿ ನಿಮ್ಮ ಕೈಯಲ್ಲಿರಲಿ.

ಇಂತಿ,
ಕೊಡಗಿನ ಒಬ್ಬ ಮತದಾರ