ಕೊಲೆಯ ಕಥೆಯಲ್ಲಿ ಸತ್ತವರಿಗೂ ಜಾಗವಿರಲಿ

ಸಂಪಾದಕರಿಗೆ,

ಮಾನ್ಯರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಕೆಲವು ವಾರಗಳಿಂದ ಬರುತ್ತಿರುವ ಹಳೆಯ ಕೊಲೆ ಪ್ರಕರಣಗಳ ಮಾಲಿಕೆಯನ್ನು ನಾನು ತಪ್ಪದೆ ಓದುತ್ತಿದ್ದೇನೆ. ಅದನ್ನು ನಿಲ್ಲಿಸಿ ಎಂದು ಕೇಳುವುದಕ್ಕೆ ಈ ಪತ್ರ ಬರೆಯುತ್ತಿಲ್ಲ. ಅದನ್ನು ಹೇಳುತ್ತಿರುವ ಕ್ರಮದ ಬಗ್ಗೆ ನನಗೆ ತಕರಾರಿದೆ.

ನಮ್ಮ ತೀರ್ಥಹಳ್ಳಿ ಕಡೆ ಅಡಿಕೆ ಕೊಯ್ಲು ಶುರುವಾಯಿತೆಂದರೆ ರಾತ್ರಿ ಬಹಳ ಹೊತ್ತಿನವರೆಗೂ ಮೆಟ್ಟುಗತ್ತಿಯ ಮುಂದೆ ಕೂತು ಸುಲಿಯುವವರ ನಡುವೆ ಒಂದು ಮೊಬೈಲ್ ಇರುತ್ತದೆ. ಹಿಂದೆ ಅದರಲ್ಲಿ ಯಕ್ಷಗಾನದ ಪದಗಳೋ ತಾಳಮದ್ದಳೆಯೋ ಕೇಳುತ್ತಿದ್ದವು. ಈಗ ಹೆಚ್ಚಾಗಿ ಕ್ರೈಂ ಸ್ಟೋರಿ. ಕೇಳುವವರನ್ನು ವಿಕೃತ ಮನಸ್ಸಿನವರೆಂದು ಜರೆಯುವುದು ಸುಲಭ, ಆದರೆ ಅದು ನಿಜವಲ್ಲ. ಮಗಳನ್ನು ಓದಿಗೋ ಕೆಲಸಕ್ಕೋ ಶಿವಮೊಗ್ಗ, ಮಂಗಳೂರು, ಬೆಂಗಳೂರಿಗೆ ಕಳಿಸಿ, ಫೋನ್ ಬರುವುದು ಅರ್ಧ ಗಂಟೆ ತಡವಾದರೆ ಚಡಪಡಿಸುವ ತಾಯಂದಿರು ಅವರಲ್ಲಿದ್ದಾರೆ. ಕೇಡು ಯಾವ ದಾರಿಯಲ್ಲಿ ಬರುತ್ತದೆ ಎಂದು ತಿಳಿದುಕೊಳ್ಳುವ ಆಸೆ ಅವರದು. ದುಷ್ಟರ ಮನಸ್ಸನ್ನು ಬಗೆದು ನೋಡುವುದು ನಮಗೆ ಹೊಸತೂ ಅಲ್ಲ: ತಾಳಮದ್ದಳೆಯಲ್ಲಿ ಕೌರವನ ಅರ್ಥ ಹೇಳುವವರು ಅವನ ಅಸೂಯೆಗೂ ಒಂದು ಮಾತು ಕೊಡುತ್ತಾರೆ, ನಾವು ಬೆಳಗಿನವರೆಗೆ ಕೂತು ಕೇಳಿದ್ದೇವೆ. ಆದರೆ ಕೌರವನ ಕಥೆಯಲ್ಲಿ ಸತ್ತವರ ತಾಯಿ ಪಕ್ಕದ ಊರಿನಲ್ಲಿ ಬದುಕಿರುವುದಿಲ್ಲ. ನಿಮ್ಮ ಮಾಲಿಕೆಯಲ್ಲಿ ಬದುಕಿರುತ್ತಾಳೆ, ಬಹುಶಃ ನಿಮ್ಮ ಪತ್ರಿಕೆಯನ್ನೇ ತರಿಸುತ್ತಿರುತ್ತಾಳೆ.

ಘಟ್ಟದ ಕೆಳಗಿನ ಒಂದು ಪ್ರಕರಣವನ್ನೇ ತೆಗೆದುಕೊಳ್ಳೋಣ. ದಕ್ಷಿಣ ಕನ್ನಡದ ಶಾಲಾ ಶಿಕ್ಷಕನೊಬ್ಬ ಮದುವೆಯಾಗುವುದಾಗಿ ನಂಬಿಸಿ, ದೂರದ ಊರುಗಳಿಗೆ ಕರೆದೊಯ್ದು, ವಿಷ ಕೊಟ್ಟು 20 ಮಹಿಳೆಯರನ್ನು ಕೊಂದನೆಂಬ ಪ್ರಕರಣ ಅದು. 2009ರಲ್ಲಿ ಅವನ ಬಂಧನವಾಯಿತು, 2013ರಲ್ಲಿ ಮೊದಲು ಶಿಕ್ಷೆಯಾಯಿತು, ಕೊನೆಯ ಪ್ರಕರಣದ ತೀರ್ಪು ಬಂದದ್ದು 2020ರಲ್ಲಿ. ಮಾಧ್ಯಮಗಳು ಅವನು ಬಳಸಿದ ವಿಷವನ್ನೇ ಅವನಿಗೆ ಬಿರುದಾಗಿ ಅಂಟಿಸಿದವು. ಆ ಬಿರುದು ಇಂದು ಮಕ್ಕಳಿಗೂ ಗೊತ್ತು. ಅವನು ಎಷ್ಟು ಚಾಲಾಕಿ, ಏನು ಹೇಳಿ ಗುಳಿಗೆ ನುಂಗಿಸುತ್ತಿದ್ದ ಎಂಬುದನ್ನು ಜನ ಬಾಯಿಪಾಠ ಒಪ್ಪಿಸುತ್ತಾರೆ. ಆದರೆ ನನ್ನನ್ನು ಕಾಡುವ ಪ್ರಶ್ನೆ ಬೇರೆ. ಬೇರೆ ಬೇರೆ ಊರುಗಳ ಬಸ್ ನಿಲ್ದಾಣಗಳ ಶೌಚಾಲಯಗಳಲ್ಲಿ ಒಂದೇ ರೀತಿಯಲ್ಲಿ ಹೆಂಗಸರು ಸತ್ತು ಬಿದ್ದಿರುವಾಗ, ಅಪರಿಚಿತ ಶವ, ಅಸಹಜ ಸಾವು ಎಂದು ಬರೆದು ವರ್ಷಗಟ್ಟಲೆ ಕಡತ ಮುಚ್ಚಲು ಸಾಧ್ಯವಾದದ್ದು ಹೇಗೆ? ವರದಕ್ಷಿಣೆ ಬೇಡ ಎಂದ ಒಂದೇ ಮಾತಿಗೆ ಬಡವರ ಮನೆಯ ಹೆಣ್ಣುಮಗಳು ಅಪರಿಚಿತನ ಜೊತೆ ಹೊರಡುವಂತೆ ಮಾಡಿದ್ದು ಯಾವುದು? ‘ಓಡಿಹೋದಳು’ ಎಂಬ ಅಪವಾದಕ್ಕೆ ಅಂಜಿ, ಹುಡುಕಿಕೊಡಿ ಎಂದು ಠಾಣೆಯ ಮೆಟ್ಟಿಲು ಹತ್ತಲು ಮನೆಯವರು ಹಿಂಜರಿಯುವ ಸ್ಥಿತಿಯನ್ನು ತಂದವರು ಯಾರು? ಕತ್ತಲು ಅವನೊಬ್ಬನೊಳಗೆ ಮಾತ್ರ ಇತ್ತೆಂದು ನಾನು ಒಪ್ಪುವುದಿಲ್ಲ. ರಾಕ್ಷಸ ಎಂದು ಕರೆದುಬಿಟ್ಟರೆ ಈ ಪ್ರಶ್ನೆಗಳಿಂದ ನಾವೆಲ್ಲ ಅಗ್ಗದಲ್ಲಿ ಪಾರಾಗುತ್ತೇವೆ.

ಈಚೆಗೆ ನಮ್ಮ ತಾಲ್ಲೂಕಿನ ಒಂದು ಮನೆಯಲ್ಲಿ ಸಾವಾದಾಗ ಯೂಟ್ಯೂಬ್ ಚಾನೆಲ್ ಒಂದರವರು ಪೊಲೀಸರ ಮಹಜರು ಮುಗಿಯುವ ಮೊದಲೇ ಅಂಗಳಕ್ಕೆ ಬಂದಿದ್ದರು. ಜಗಲಿಯ ಮೂಲೆಯಲ್ಲಿದ್ದ ಒಂದು ಜೊತೆ ಹವಾಯಿ ಚಪ್ಪಲಿಯನ್ನು ಹತ್ತಿರದಿಂದ, ಮತ್ತೆ ದೂರದಿಂದ, ಚಿತ್ರೀಕರಿಸಿದರು. ಅದು ತೋಟದ ಕೆಲಸಕ್ಕೆ ಬರುವ ಹುಡುಗನದು. ವಿಡಿಯೊದಲ್ಲಿ ಅದರ ಮೇಲೊಂದು ಕೆಂಪು ವೃತ್ತ ಬಂತು, ಹಿಂದೆ ತಮಟೆಯಂಥ ಸದ್ದು ಬಂತು. ತನಿಖೆಯಲ್ಲಿ ಅವನ ಪಾತ್ರ ಏನೂ ಇಲ್ಲವೆಂದು ಗೊತ್ತಾದ ಮೇಲೂ ಹುಡುಗ ಸಂತೆಗೆ ಬರುವುದನ್ನು ಬಿಟ್ಟಿದ್ದಾನೆ. ವಿಡಿಯೊ ಹಾಗೇ ಇದೆ.

ಪತ್ರಿಕೆಗಳು ಇಷ್ಟು ಕೆಳಗಿಳಿದಿಲ್ಲ, ನಿಜ. ಆದರೂ ‘ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ’ ಎಂಬ ಶೀರ್ಷಿಕೆ ನಿಮ್ಮಲ್ಲೂ ಕಾಣುತ್ತದೆ. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ರುಜುವಾತು ಮಾಡುವಂತಿಲ್ಲ ಎಂಬುದು 1872ರ ಸಾಕ್ಷ್ಯ ಕಾಯ್ದೆಯಲ್ಲೂ ಇತ್ತು, ಅದರ ಜಾಗಕ್ಕೆ ಬಂದ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಸೆಕ್ಷನ್‌ನಲ್ಲೂ ಇದೆ. ನ್ಯಾಯಾಲಯ ನಂಬದಿರುವುದನ್ನು ಓದುಗ ಮಾತ್ರ ಬೆಳಗಿನ ಕಾಫಿಯ ಹೊತ್ತಿಗೆ ನಂಬಿಬಿಡುತ್ತಾನೆ. 2008ರ ನೋಯ್ಡಾ ಜೋಡಿ ಕೊಲೆಯಲ್ಲಿ ಮಗಳನ್ನು ಕಳೆದುಕೊಂಡ ತಂದೆತಾಯಿಯ ನಡತೆಯನ್ನು ದೇಶವೇ ಕೂತು ವಿಮರ್ಶೆ ಮಾಡಿತು. 2013ರಲ್ಲಿ ಅವರಿಗೆ ಶಿಕ್ಷೆಯಾಯಿತು, 2017ರಲ್ಲಿ ಅಲಹಾಬಾದ್ ಹೈಕೋರ್ಟ್ ಅವರನ್ನು ಬಿಡುಗಡೆ ಮಾಡಿತು. ಅದೇ ಕೊಲೆಯಲ್ಲಿ ಸತ್ತ ಮನೆಗೆಲಸದವನ ಬಗ್ಗೆ, ಆತನ ಮನೆಯವರ ಬಗ್ಗೆ ನಮ್ಮಲ್ಲಿ ಎಷ್ಟು ಜನರಿಗೆ ಏನಾದರೂ ನೆನಪಿದೆ? ಆರಂಭದಲ್ಲಿ ಅವನನ್ನೇ ಕೊಲೆಗಾರನೆಂದು ಶಂಕಿಸಿದ್ದರು, ಮರುದಿನ ಅದೇ ಮನೆಯ ತಾರಸಿಯಲ್ಲಿ ಅವನ ಶವ ಸಿಕ್ಕಿತ್ತು.

ಆದ್ದರಿಂದ ಮಾಲಿಕೆಯ ಮುಂದಿನ ಕಂತುಗಳಿಗೆ ನನ್ನ ಕೋರಿಕೆ ಇಷ್ಟು. ಕೊಲೆಗಾರನ ಬಿರುದನ್ನು ಶೀರ್ಷಿಕೆಗೆ ತರಬೇಡಿ. ಕೊಂದ ವಿಧಾನಕ್ಕೆ ಮೂರು ಸಾಲು ಸಾಕು. ದೂರು ಕೊಡಲು ಹೋದವರಿಗೆ ಠಾಣೆಯಲ್ಲಿ ಏನು ಉತ್ತರ ಸಿಕ್ಕಿತು, ಊರು ಏನೆಂದಿತು, ವಿಚಾರಣೆ ಎಷ್ಟು ವರ್ಷ ಎಳೆಯಿತು ಎಂಬುದನ್ನು ವಿಸ್ತಾರವಾಗಿ ಬರೆಯಿರಿ. ಸತ್ತವರ ಮನೆಯವರು ಬದುಕಿದ್ದರೆ ಬರೆಯುವ ಮೊದಲು ಅವರಿಗೊಂದು ಮಾತು ತಿಳಿಸಿ, ಅವರು ಬೇಡವೆಂದರೆ ಆ ಪ್ರಕರಣವನ್ನು ಕೈಬಿಡಿ. ಅತ್ಯಾಚಾರಕ್ಕೊಳಗಾಗಿ ಸತ್ತವರ ಹೆಸರನ್ನೂ ಬಯಲು ಮಾಡುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿರುವುದನ್ನು ನಿಮಗೆ ನೆನಪಿಸಬೇಕಾಗಿಲ್ಲ. ಇನ್ನು, ಜಿಲ್ಲಾ ಪುಟದಲ್ಲಿ ಯಾರದಾದರೂ ಬಂಧನದ ಸುದ್ದಿಯನ್ನು ಫೋಟೊ ಸಮೇತ ನಾಲ್ಕು ಕಾಲಂ ಹಾಕಿದ್ದರೆ, ಅವರು ಖುಲಾಸೆಯಾದ ದಿನವೂ ಅದೇ ಪುಟದಲ್ಲಿ ನಾಲ್ಕು ಕಾಲಂ ಕೊಡಿ.

ಇತಿ,
ಒಬ್ಬ ಓದುಗ, ತೀರ್ಥಹಳ್ಳಿ ತಾಲ್ಲೂಕು